ಹಾಯಿದೋಣಿಯ ಹೊಟ್ಟೆಯೊಳಗಿನ ಫೋಮ್ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಸಣ್ಣ ಹಾಯಿದೋಣಿ ಕೊಂಡವರು, ವರ್ಷಗಟ್ಟಲೆ ಶೆಡ್ಡಿನಲ್ಲಿ ಬಿದ್ದಿದ್ದನ್ನು ಹೊರಗೆಳೆದವರು, ಎಲ್ಲರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ನನ್ನ ಹದಿನಾಲ್ಕು ಅಡಿಯ ಫೈಬರ್ ದೋಣಿಯ ಫೋಮನ್ನು ನಾನೇ ಪೂರ್ತಿ ತೆಗೆದು ಹೊಸದು ಹಾಕಿದ್ದೇನೆ. ಅದರಲ್ಲಿ ಒಂದು ಭಾಗವನ್ನು ತಪ್ಪು ಜಾಗಕ್ಕೆ ಹಾಕಿ, ಮತ್ತೆ ಕಿತ್ತು ಹಾಕಬೇಕಾಯಿತು. ಆ ಕೆಲಸದಲ್ಲಿ ಕಲಿತದ್ದೆಲ್ಲ ಇಲ್ಲಿದೆ.

ಈ ಫೋಮ್ ಯಾಕೆ ಬೇಕು? ಇಲ್ಲದಿದ್ದರೆ ದೋಣಿ ತೇಲುವುದಿಲ್ಲವಾ?

ಮಾಮೂಲಿ ದಿನ ಫೋಮ್ ಇಲ್ಲದೆಯೂ ಆರಾಮಾಗಿ ತೇಲುತ್ತದೆ. ಒಳಗಿರುವ ಗಾಳಿಯೇ ಸಾಕು. ಫೋಮ್ ಇರುವುದು ದೋಣಿ ಮಗುಚಿ ಒಳಗೆಲ್ಲ ನೀರು ತುಂಬಿದ ದಿನಕ್ಕೆ. ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಗಾಳಿ ಹೋಯಿತು ಅಂದರೆ ಅದು ಕಲ್ಲಿನ ಹಾಗೆ ಕೆಳಗೆ ಹೋಗುತ್ತದೆ. ಮರದ ದೋಣಿಯಾದರೆ ಮರವೇ ತೇಲುತ್ತದೆ, ಆದರೂ ಅದರ ಕಬ್ಬಿಣ, ಅಲ್ಯೂಮಿನಿಯಂ, ಜನ ಎಲ್ಲವನ್ನೂ ಹೊರುವಷ್ಟು ಸಾಮಾನ್ಯವಾಗಿ ಸಾಲುವುದಿಲ್ಲ. ಹಾಗಾಗಿ ಫೋಮಿನ ಬಗ್ಗೆ ಯಾವುದೇ ನಿರ್ಧಾರ ಮಾಡುವಾಗ ಕೇಳಬೇಕಾದ್ದು ಒಂದೇ. ದೋಣಿ ತುಂಬಿ ನಾವು ಅದನ್ನು ಹಿಡಿದುಕೊಂಡು ನೀರಿನಲ್ಲಿರುವಾಗ ಇದು ಏನು ಮಾಡುತ್ತದೆ?

ಫೋಮ್ ನೀರು ಕುಡಿದಿದೆ ಅಂತ ಗೊತ್ತಾಗುವುದು ಹೇಗೆ?

ಮೊದಲು ತೂಕ ಹಾಕಿ. ನಿಮ್ಮ ದೋಣಿಯ ಮಾದರಿಗೆ ಎಷ್ಟು ತೂಕ ಇರಬೇಕು ಅನ್ನುವುದು ಸಾಮಾನ್ಯವಾಗಿ ಸಿಗುತ್ತದೆ. ಸನ್‌ಫಿಶ್, ಲೇಸರ್ ಅನ್ನುವ ಎರಡು ಸಣ್ಣ ಹಾಯಿದೋಣಿ ಮಾದರಿಗಳ ಬರೀ ಒಡಲು ತಲಾ ಸುಮಾರು 59 ಕಿಲೋ. ಮಕ್ಕಳು ಓಡಿಸುವ ಆಪ್ಟಿಮಿಸ್ಟ್ ಆದರೆ 35 ಕಿಲೋ. ನಿಮ್ಮದು ಅದಕ್ಕಿಂತ ಹದಿನೈದು ಇಪ್ಪತ್ತು ಕಿಲೋ ಜಾಸ್ತಿ ತೂಗಿದರೆ ಎಲ್ಲೋ ನೀರು ಕೂತಿದೆ ಅಂತಲೇ ಅರ್ಥ. ಇಬ್ಬರು ಸುಲಭವಾಗಿ ಎತ್ತುತ್ತಿದ್ದ ದೋಣಿಗೆ ಈಗ ನಾಲ್ಕು ಜನ ಬೇಕು ಅಂದರೂ ಅದೇ ಲಕ್ಷಣ.

ಡ್ರೈನ್ ಪ್ಲಗ್ (ನೀರು ಹೊರಬಿಡುವ ತೂತಿನ ಬಿರಡೆ) ತೆಗೆದು ಹಿಂಭಾಗ ತಗ್ಗಿಸಿ ಇಟ್ಟ ಮೇಲೂ ದಿನಗಟ್ಟಲೆ ತೊಟ್ಟಿಕ್ಕುತ್ತಿದ್ದರೆ ಅದು ಫೋಮಿನಿಂದ ಬರುತ್ತಿರುವ ನೀರು.

ಪೂರ್ತಿ ಖಚಿತ ಆಗಬೇಕಾದರೆ ತೂತು ಮಾಡಿ ನೋಡಲೇಬೇಕು. ಫೋಮ್ ಇರುವ ಜಾಗದಲ್ಲಿ, ಮುಂದೆ ಇನ್‌ಸ್ಪೆಕ್ಷನ್ ಮುಚ್ಚಳ (ತೆರೆದು ಒಳಗೆ ನೋಡುವ ಮುಚ್ಚಳ) ಹಾಕಲು ಬರುವ ಕಡೆ, ಹೋಲ್ ಸಾ (ದುಂಡು ತೂತು ಕೊರೆಯುವ ಗರಗಸ) ಇಟ್ಟು ಕೊರೆಯಿರಿ. ಆ ತೂತಿನಿಂದ ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಒಂದು ತುಂಡು ಕತ್ತರಿಸಿ ತೆಗೆಯಿರಿ. ಅಷ್ಟು ಅಂದರೆ ಸರಿಯಾಗಿ ಒಂದು ಲೀಟರ್. ಪಾಲಿಯುರೆಥೇನ್ ಫೋಮ್ ಒಣಗಿದ್ದರೆ ಆ ತುಂಡು 30ರಿಂದ 35 ಗ್ರಾಂ ಇರಬೇಕು, ಕೈಯಲ್ಲಿಟ್ಟರೆ ಇದೆ ಅಂತಲೇ ಅನ್ನಿಸುವುದಿಲ್ಲ. ನನ್ನ ದೋಣಿಯ ತಳದಿಂದ ತೆಗೆದ ತುಂಡನ್ನು ಅಡುಗೆಮನೆ ತಕ್ಕಡಿಯ ಮೇಲೆ ಇಟ್ಟಾಗ 610 ಗ್ರಾಂ ತೋರಿಸಿತು. ಬಣ್ಣ ಚಹಾದ ಹಾಗೆ ಕಂದು. ಹೆಬ್ಬೆರಳಿನಿಂದ ಒತ್ತಿದರೆ ಸ್ಪಂಜಿನ ಹಾಗೆ ನೀರು ಬೆರಳ ಸಂದಿಯಿಂದ ಇಳಿಯಿತು. ಅದೇ ದೋಣಿಯ ಅಂಚಿನ ಹತ್ತಿರ, ಮೇಲ್ಗಡೆಯಿಂದ ತೆಗೆದ ತುಂಡು 36 ಗ್ರಾಂ. ಹಾಗಾಗಿ ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಮೂರು ಕಡೆ ನೋಡಿ, ಅದರಲ್ಲಿ ಒಂದಾದರೂ ತೀರಾ ಕೆಳಗಿರಲಿ.

ಕ್ಲೋಸ್ಡ್ ಸೆಲ್ ಫೋಮಿಗೆ ನೀರೇ ಹೋಗುವುದಿಲ್ಲ ಅಂತಾರಲ್ಲ?

ಹೊಸದರಲ್ಲಿ ಹೋಗುವುದಿಲ್ಲ. ಆ ಫೋಮಿನೊಳಗೆ ಪುಟ್ಟ ಪುಟ್ಟ ಗುಳ್ಳೆಗಳಿವೆ, ಪ್ರತಿ ಗುಳ್ಳೆಗೂ ತೆಳು ಗೋಡೆ. ಆದರೆ ತಳದಲ್ಲಿ ನೀರು ನಿಂತು ನಿಂತು, ಬಿಸಿಲಿಗೆ ಕಾದು, ರಾತ್ರಿ ತಣ್ಣಗಾಗಿ, ದೋಣಿ ಅಲೆಗೆ ಬಡಿದಾಗಲೆಲ್ಲ ಅದುರಿ, ಇಪ್ಪತ್ತು ಮೂವತ್ತು ವರ್ಷದಲ್ಲಿ ಆ ಗೋಡೆಗಳು ಒಂದೊಂದಾಗಿ ಒಡೆಯುತ್ತವೆ. ಹಿಮ ಬೀಳುವ ಕಡೆ ಇನ್ನೂ ಬೇಗ, ಯಾಕೆಂದರೆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ. ಹೀಗಾಗಿ ಫೋಮ್ ಕೆಡುವುದಕ್ಕೆ ದೊಡ್ಡ ಕಾರಣ ಅಂದರೆ ಹೊರಗೆ ಹೋಗಲು ದಾರಿಯಿಲ್ಲದೆ ನಿಂತ ನೀರು. ಹೊಸದು ಹಾಕುವಾಗ ನೀರಿಗೆ ದಾರಿ ಬಿಡದಿದ್ದರೆ ಮತ್ತೆ ಅದೇ ಕಥೆ.

ಒಣಗಿಸಿದರೆ ಸಾಲದಾ? ಕೀಳಲೇಬೇಕಾ?

ಯಾವ ಫೋಮ್ ಅನ್ನುವುದರ ಮೇಲೆ ಹೋಗುತ್ತದೆ. ಸನ್‌ಫಿಶ್ ಥರದ ದೋಣಿಗಳಲ್ಲಿ ಇರುವುದು ಬಿಳಿ ಥರ್ಮೋಕೋಲ್ ದಿಮ್ಮಿಗಳು. ಅದರಲ್ಲಿ ನೀರು ಮಣಿಗಳ ಸಂದಿಯಲ್ಲಿ ಕೂತಿರುತ್ತದೆ, ನಿಧಾನಕ್ಕೆ ಹೊರಗೆ ಬರುತ್ತದೆ ಕೂಡ. ಎರಡು ಇನ್‌ಸ್ಪೆಕ್ಷನ್ ಮುಚ್ಚಳ ಕೂರಿಸಿ, ಒಂದರಿಂದ ಸಣ್ಣ ಫ್ಯಾನ್ ಗಾಳಿ ಊದಿ, ಇನ್ನೊಂದರಿಂದ ಹೊರಗೆ ಬಿಟ್ಟು, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಿಟ್ಟರೆ ತೂಕ ಇಳಿಯುತ್ತದೆ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಇಳಿಯುತ್ತಿದ್ದರೆ ತಾಳ್ಮೆಯಿಂದ ಮುಂದುವರಿಸಿ.

ಹಳದಿ ಅಥವಾ ಕಂದು ಪಾಲಿಯುರೆಥೇನ್ ಆಗಿದ್ದು ಒಳಗಿನವರೆಗೂ ನೆನೆದಿದ್ದರೆ ಫ್ಯಾನಿನಿಂದ ಏನೂ ಆಗುವುದಿಲ್ಲ. ಮೇಲಿನ ಒಂದಿಂಚು ಒಣಗುತ್ತದೆ ಅಷ್ಟೇ. ಅದನ್ನು ಕೀಳಲೇಬೇಕು.

ಒದ್ದೆ ಫೋಮ್ ದೋಣಿಯನ್ನು ಮುಳುಗಿಸುತ್ತದಾ?

ಇದರಲ್ಲಿ ತುಂಬ ಜನಕ್ಕೆ ಗೊಂದಲ. ಫೋಮಿನೊಳಗಿನ ನೀರು ನೀರಿನಡಿಯಲ್ಲಿ ಏನೂ ತೂಗುವುದಿಲ್ಲ, ಹಾಗಾಗಿ ಅದು ದೋಣಿಯನ್ನು ಕೆಳಗೆ ಎಳೆಯುವುದಿಲ್ಲ. ನಷ್ಟ ಏನೆಂದರೆ, ಎತ್ತಿ ಹಿಡಿಯಬೇಕಿದ್ದ ಗಾಳಿಯ ಜಾಗವನ್ನು ಆ ನೀರು ತಿಂದುಹಾಕಿದೆ. ನನ್ನ 610 ಗ್ರಾಮಿನ ತುಂಡು ಹೊಸದಾಗಿದ್ದಾಗ 970 ಗ್ರಾಂ ಎತ್ತುತ್ತಿತ್ತು, ಈಗ ಎತ್ತುವುದು 390 ಗ್ರಾಂ ಮಾತ್ರ. ಮೇಲಾಗಿ ದಿನಾ ಓಡಿಸುವಾಗ ಆ ನೀರಷ್ಟನ್ನೂ ಸುಮ್ನೆ ಹೊತ್ತುಕೊಂಡು ತಿರುಗುತ್ತೀರಿ. ದೋಣಿ ಕೆಳಗೆ ಕೂರುತ್ತದೆ, ತಿರುಗಲು ತಡ ಮಾಡುತ್ತದೆ, ಮಗುಚಿದರೆ ಎತ್ತುವುದು ಕಷ್ಟ.

ಎಷ್ಟು ಫೋಮ್ ಬೇಕು?

ಲೆಕ್ಕ ಕಷ್ಟವಿಲ್ಲ, ಆದರೆ ಮಾಡದೆ ಬಿಡಬೇಡಿ. ಒಂದು ಲೀಟರ್ ಜಾಗ ಒಂದು ಕಿಲೋ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಫೋಮಿನದೇ ತೂಕ 30 ಚಿಲ್ಲರೆ ಗ್ರಾಂ ಕಳೆದರೆ ಲೀಟರಿಗೆ 0.97 ಕಿಲೋ ಎತ್ತುವ ಶಕ್ತಿ ಉಳಿಯುತ್ತದೆ. ಉಪ್ಪುನೀರಿನಲ್ಲಿ ಇನ್ನೊಂದು ಸ್ವಲ್ಪ ಜಾಸ್ತಿ. ಸಿಹಿನೀರಿಗೆ ಲೆಕ್ಕ ಹಾಕಿದರೆ ಎರಡೂ ಕಡೆ ನಡೆಯುತ್ತದೆ.

ಈಗ ಎತ್ತಬೇಕಾದ ಭಾರ. ವಸ್ತು ನೀರಿನಡಿ ಹೋದಾಗ ಅದರ ತೂಕ ಕಡಿಮೆಯಾಗುತ್ತದೆ, ಎಷ್ಟು ಅನ್ನುವುದು ಆ ವಸ್ತುವಿನ ಮೇಲೆ. ಫೈಬರ್ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಅಲ್ಯೂಮಿನಿಯಂ ನೂರಕ್ಕೆ 63 ಪಾಲು. ಕಬ್ಬಿಣ ನೂರಕ್ಕೆ 87. ಸೀಸ ನೂರಕ್ಕೆ 91, ಅಂದರೆ ಸೀಸಕ್ಕೆ ನೀರು ಹೆಚ್ಚೇನೂ ಸಹಾಯ ಮಾಡುವುದಿಲ್ಲ.

ಉದಾಹರಣೆಗೆ, ಫೈಬರ್ 100 ಕಿಲೋ ಇದ್ದರೆ 33. ಕಬ್ಬಿಣದ ಸೆಂಟರ್‌ಬೋರ್ಡ್ (ದೋಣಿಯ ನಡುವಿನಿಂದ ನೀರಿಗಿಳಿಸುವ ಹಲಗೆ) 20 ಕಿಲೋಗೆ 17. ಅಲ್ಯೂಮಿನಿಯಂ ಮಾಸ್ಟ್ (ಹಾಯಿಯ ಕಂಬ) ಮತ್ತು ಬೂಮ್ (ಹಾಯಿಯ ಬುಡದ ಅಡ್ಡಕೋಲು) 12 ಕಿಲೋಗೆ 8. ಲಂಗರು, ಹಗ್ಗ, ಸಾಮಾನು ಅಂತ ಒಂದು 10. ಒಟ್ಟು 68. ಇಬ್ಬರು ತುಂಬಿದ ದೋಣಿಯೊಳಗೆ ಅರ್ಧ ನೀರಿನಲ್ಲಿ ಕೂತು ನೀರು ಹೊರಹಾಕಬೇಕು, ಅವರಿಗೆ ನಾನು 40 ಹಿಡಿಯುತ್ತೇನೆ. 108 ಆಯಿತು. ಅದರ ಮೇಲೆ ಅರ್ಧ ಸೇರಿಸಿ, 162. ಲೀಟರಿಗೆ ತಿರುಗಿಸಿದರೆ 167. ಅರ್ಧ ಸೇರಿಸಿದ್ದು ಯಾಕೆಂದರೆ ಫೋಮ್ ಮುಂದೆ ಸ್ವಲ್ಪ ನೀರು ಕುಡಿದೇ ಕುಡಿಯುತ್ತದೆ, ಮತ್ತು ದೋಣಿ ನೀರಿನ ಮಟ್ಟಕ್ಕೆ ತೇಲಿದರೆ ಸಾಲದು, ಅಂಚು ನೀರಿನ ಮೇಲಿರಬೇಕು.

ಹಲಗೆ ಫೋಮಿನಲ್ಲಿ ಹೇಳುವುದಾದರೆ 120 ಸೆಂಟಿಮೀಟರ್ ಉದ್ದ, 60 ಅಗಲ, 5 ದಪ್ಪದ ಒಂದು ಹಲಗೆ 36 ಲೀಟರ್. ಐದು ಹಲಗೆ ಅಂದರೆ 180. ಅಲ್ಲಿಗೆ ಆಯಿತು.

ಯಾವ ಫೋಮ್ ಒಳ್ಳೆಯದು?

ನನ್ನ ಆಯ್ಕೆ ಎಕ್ಸ್‌ಪಿಎಸ್ ಹಲಗೆ. ಕಟ್ಟಡಗಳಲ್ಲಿ ಶಾಖ ತಡೆಯಲು ಹಾಕುವ ನೀಲಿ ಅಥವಾ ಗುಲಾಬಿ ಬಣ್ಣದ ಗಟ್ಟಿ ಹಲಗೆ ಅದು. ಮಣಿ ಮಣಿ ಇರುವುದಿಲ್ಲ, ನೀರು ತೀರಾ ಕಡಿಮೆ ಕುಡಿಯುತ್ತದೆ, ಚಾಕುವಿನಲ್ಲಿ ಕತ್ತರಿಸಬಹುದು, ಮುಖ್ಯವಾಗಿ ಮುಂದೆ ಬೇಕಾದಾಗ ಹೊರಗೆ ತೆಗೆದು ನೋಡಿ ವಾಪಸ್ ಇಡಬಹುದು. ಅದಕ್ಕೆ ಆಗದ್ದು ಎರಡು. ಒಂದು ಪೆಟ್ರೋಲ್. ಇನ್ನೊಂದು ಫೈಬರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್, ಅದರಲ್ಲಿರುವ ಸ್ಟೈರೀನ್ ಈ ಹಲಗೆಯನ್ನು ಕರಗಿಸುತ್ತದೆ. ಅಂಟಿಸಬೇಕಾದರೆ ಎಪಾಕ್ಸಿ ಅಂಟು ಬಳಸಿ.

ಥರ್ಮೋಕೋಲಿಗೂ ಇದೇ ಎರಡು ತೊಂದರೆ, ಜೊತೆಗೆ ಮಣಿಗಳ ಸಂದಿಯಲ್ಲಿ ನೀರು. ಬೇರೆ ಏನೂ ಸಿಗದಿದ್ದರೆ ಮಾತ್ರ.

ಎರಡು ದ್ರವ ಬೆರೆಸಿ ಸುರಿಯುವ ಪಾಲಿಯುರೆಥೇನ್ ಮೂಲೆಮೂಲೆಗೂ ತುಂಬುತ್ತದೆ, ಪೆಟ್ರೋಲಿಗೆ ಕರಗುವುದಿಲ್ಲ, ಒಡಲಿಗೂ ಡೆಕ್ಕಿಗೂ (ದೋಣಿಯ ಮೇಲ್ಮುಚ್ಚಿಗೆ) ಅಂಟಿಕೊಂಡು ಬಲ ಕೊಡುತ್ತದೆ. ಆದರೆ ಒಮ್ಮೆ ಹಾಕಿದರೆ ಮುಗಿಯಿತು, ಅಡಿಯಲ್ಲಿ ಏನಾಗುತ್ತಿದೆ ಅಂತ ನೋಡಲು ದಾರಿಯಿಲ್ಲ.

ಪಾಲಿಎಥಿಲೀನ್ ಫೋಮ್, ಅಂದರೆ ಈಜುಕೊಳದಲ್ಲಿ ಮಕ್ಕಳು ಹಿಡಿದುಕೊಳ್ಳುವ ಉದ್ದ ಕೊಳವೆ ಥರದ್ದು, ಮೆತ್ತಗೆ ಮತ್ತು ಬಾಗುತ್ತದೆ. ಸೀಟಿನ ಅಡಿಯ ವಕ್ರ ಜಾಗಕ್ಕೆ ಚೆನ್ನಾಗಿ ಹೊಂದುತ್ತದೆ.

ಕಿಟಕಿ ಬಾಗಿಲ ಸಂದಿಗೆ ಹೊಡೆಯುವ ಸ್ಪ್ರೇ ಫೋಮ್ ಆಗುತ್ತದಾ?

ಬೇಡ. ಅದು ಗಟ್ಟಿಯಾಗಲು ಗಾಳಿಯ ತೇವ ಬೇಕು. ಮುಚ್ಚಿದ ಆಳವಾದ ಜಾಗದಲ್ಲಿ ಹೊರಪದರ ಗಟ್ಟಿಯಾಗಿ ಒಳಗೆ ಅಂಟಂಟಾಗಿಯೇ ಉಳಿಯುತ್ತದೆ, ಆಮೇಲೆ ನೀರು ಹೀರುತ್ತದೆ.

ಖಾಲಿ ಪ್ಲಾಸ್ಟಿಕ್ ಬಾಟಲಿ, ಗಾಳಿಚೀಲ?

ಎರಡೂ ಸರಿಯಾದ ದಾರಿಯೇ. ಎರಡು ಲೀಟರಿನ ಸೋಡಾ ಬಾಟಲಿ ಹತ್ತಿರ ಹತ್ತಿರ ಎರಡು ಕಿಲೋ ಎತ್ತುತ್ತದೆ. ಮುಚ್ಚಳಕ್ಕೆ ಅಂಟು ಹಾಕಿ, ಬಲೆಚೀಲದಲ್ಲಿ ತುಂಬಿ, ಅಲುಗದ ಹಾಗೆ ಕಟ್ಟಿ. ಒಂದು ಬಾಟಲಿ ಒಡೆದರೂ ಉಳಿದವು ಇರುತ್ತವೆ. ಆದರೆ ದುಂಡಗಿನ ಬಾಟಲಿಗಳ ಮಧ್ಯೆ ಜಾಗ ವ್ಯರ್ಥವಾಗುತ್ತದೆ. ಗಾಳಿಚೀಲ ಆಪ್ಟಿಮಿಸ್ಟಿನಲ್ಲಿ ಇದ್ದೇ ಇರುತ್ತದೆ, ಎರಡು ಪಕ್ಕಕ್ಕೆ ಒಂದೊಂದು, ಹಿಂದೆ ಒಂದು. ಪ್ರತಿ ಸಲ ಹೊರಡುವ ಮುಂಚೆ ಒತ್ತಿ ನೋಡಬೇಕು. ಚೀಲ ಕಟ್ಟಿದ ಪಟ್ಟಿಗಳನ್ನು ಕೈಯಿಂದ ಜೋರಾಗಿ ಎಳೆದು ನೋಡಿ, ಯಾಕೆಂದರೆ 40 ಲೀಟರಿನ ಚೀಲ ನೀರಿನಡಿಯಲ್ಲಿ 40 ಕಿಲೋ ಬಲದಿಂದ ಮೇಲಕ್ಕೆ ಜಗ್ಗುತ್ತದೆ. ತುಕ್ಕು ಹಿಡಿದ ಸ್ಕ್ರೂ ಆಗಲೇ ಕಿತ್ತು ಬರುವುದು.

ಫೋಮ್ ಎಲ್ಲಿಡಬೇಕು?

ಇಲ್ಲೇ ನಾನು ತಪ್ಪು ಮಾಡಿದ್ದು. ಕಾಲಡಿಯ ನೆಲದ ಕೆಳಗೆ ಜಾಗ ಖಾಲಿ ಇತ್ತು, ಹಲಗೆಗಳನ್ನು ಅಲ್ಲೇ ಜೋಡಿಸಿದೆ. ಲೆಕ್ಕ ಸರಿಯಿತ್ತು, ಲೀಟರ್ ಸರಿಯಿತ್ತು. ಸೊಂಟಮಟ್ಟದ ನೀರಿನಲ್ಲಿ ದೋಣಿಗೆ ನೀರು ತುಂಬಿಸಿ ನೋಡಿದಾಗ ಅದು ಒಂದು ಕ್ಷಣ ನೆಟ್ಟಗೆ ನಿಂತು, ನಾನು ಅಂಚಿನ ಮೇಲೆ ಒಂದೇ ಕೈ ಇಟ್ಟಿದ್ದಕ್ಕೆ, ನಿಧಾನವಾಗಿ ಹೊರಳಿ ಹೊಟ್ಟೆ ಮೇಲೆ ಮಾಡಿಕೊಂಡಿತು. ತೇಲುವ ವಸ್ತು ತಳದಲ್ಲಿದ್ದರೆ ಅದಕ್ಕೆ ಮೇಲೆ ಬರಬೇಕು ಅನ್ನುವ ಹಟ. ಭಾರ ಮೇಲೆ, ತೇಲುವುದು ಕೆಳಗೆ ಅಂದಮೇಲೆ ಮಗುಚದೆ ಇನ್ನೇನಾಗುತ್ತದೆ?

ಇಡಬೇಕಾದ್ದು ಎತ್ತರದಲ್ಲಿ ಮತ್ತು ಆದಷ್ಟು ಹೊರಗೆ. ಎರಡೂ ಪಕ್ಕದ ಸೀಟಿನ ಅಡಿ, ಡೆಕ್ಕಿನ ಕೆಳಮೈಗೆ ತಾಗಿದ ಹಾಗೆ, ಅಂಚಿನ ಉದ್ದಕ್ಕೂ. ಆಗ ತುಂಬಿದ ದೋಣಿ ಒಂದು ಕಡೆ ವಾಲಿದರೆ ಆ ಕಡೆಯ ಫೋಮ್ ನೀರಿಗಿಳಿದು ಮೇಲಕ್ಕೆ ತಳ್ಳುತ್ತದೆ. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಮುಂದಕ್ಕೆ ಮತ್ತು ಹಿಂದಕ್ಕೂ ಹಂಚಿ, ಎಲ್ಲವನ್ನೂ ಮೂತಿಯಲ್ಲಿ ತುರುಕಿದರೆ ಹಿಂಭಾಗ ಮುಳುಗಿ ಮೂತಿ ಆಕಾಶ ನೋಡುತ್ತದೆ. ಹಿಂದೆ ಮೋಟಾರು ತೂಗುಹಾಕುವವರು ಹಿಂದಕ್ಕೆ ಜಾಸ್ತಿ ಕೊಡಿ.

ಹಾಯಿದೋಣಿಗೆ ಇನ್ನೊಂದು ಮಾತು. ಮಾಸ್ಟಿನೊಳಗೆ ಮೇಲ್ತುದಿಯಲ್ಲಿ ಫೋಮ್ ತುಂಬಿ ಮುಚ್ಚಿದರೆ ಅಥವಾ ತುದಿಗೆ ಪುಟ್ಟ ತೇಲು ಕಟ್ಟಿದರೆ, ಅಡ್ಡ ಬಿದ್ದ ದೋಣಿ ಪೂರ್ತಿ ತಲೆಕೆಳಗಾಗುವುದು ತಪ್ಪುತ್ತದೆ. ಅಷ್ಟು ಉದ್ದದ ತುದಿಯಲ್ಲಿ ಮೂರು ನಾಲ್ಕು ಲೀಟರ್ ಕೂಡ ದೊಡ್ಡ ಕೆಲಸ ಮಾಡುತ್ತದೆ.

ಹಳೇ ಫೋಮ್ ತೆಗೆಯುವುದು ಹೇಗೆ?

ಡೆಕ್ಕನ್ನು ಅಥವಾ ಒಳನೆಲವನ್ನು ಕತ್ತರಿಸಿ ತೆರೆಯಬೇಕು. ಅಂಚಿನಿಂದ ಎಂಟು ಹತ್ತು ಸೆಂಟಿಮೀಟರ್ ಒಳಗೆ ಬಿಟ್ಟು ಕತ್ತರಿಸಿ, ವಾಪಸ್ ಕೂರಿಸಲು ಆ ಪಟ್ಟಿ ಬೇಕಾಗುತ್ತದೆ. ಬ್ಲೇಡಿನ ಆಳ ಫೈಬರಿನ ದಪ್ಪಕ್ಕಷ್ಟೇ ಇಡಿ. ಮೂಲೆಗಳನ್ನು ದುಂಡಗೆ ಮಾಡಿ, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ.

ಆಮೇಲೆ ಮೈಬಗ್ಗಿಸಿ ಕೆಲಸ. ಕೊಂಬೆ ಕತ್ತರಿಸುವ ಬಾಗಿದ ಕೈಗರಗಸ, ಚಪ್ಪಟೆ ಸನಿಕೆ, ಉದ್ದ ಉಳಿ. ದೊಡ್ಡ ತುಂಡುಗಳಾಗಿ ಕತ್ತರಿಸಿ ಎತ್ತಿ. ಒಡಲಿಗೆ ಹತ್ತಿರ ಬಂದಾಗ ಗರಗಸ ಬಿಟ್ಟು ಕೈಯಿಂದ ಕೆರೆಯಿರಿ, ಸಣ್ಣ ದೋಣಿಯ ಫೈಬರ್ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ ಇರುತ್ತದೆ. ಅಸಿಟೋನ್ ಸುರಿದು ಕರಗಿಸಲು ಹೋಗಬೇಡಿ. ಗಟ್ಟಿಯಾದ ಪಾಲಿಯುರೆಥೇನ್ ಅದಕ್ಕೆ ಕರಗುವುದಿಲ್ಲ, ಮುಚ್ಚಿದ ಜಾಗದಲ್ಲಿ ಆ ಆವಿ ಬೆಂಕಿಗೆ ಕಾಯುತ್ತಿರುತ್ತದೆ. ಬಿಸಿ ತಂತಿಯಿಂದ ಪಾಲಿಯುರೆಥೇನ್ ಕತ್ತರಿಸಲೂ ಬಾರದು, ಅದು ಸುಟ್ಟಾಗ ಸೈನೈಡ್ ಇರುವ ವಿಷದ ಹೊಗೆ ಬರುತ್ತದೆ. ಇದೇ ಕಾರಣಕ್ಕೆ ತೆಗೆದ ಫೋಮನ್ನು ಸುಡಬೇಡಿ, ನೀರಿನ ಹತ್ತಿರ ರಾಶಿ ಹಾಕಬೇಡಿ. ಚೀಲಕ್ಕೆ ತುಂಬಿ ಕಸಕ್ಕೆ ಕೊಡಿ.

ಫೋಮ್ ತೆಗೆದರೆ ಒಡಲು ಮೆತ್ತಗಾಗುತ್ತದಾ?

ಕೆಲವು ದೋಣಿಗಳಲ್ಲಿ ಖಂಡಿತ ಆಗುತ್ತದೆ. ಫೋಮ್ ಒಡಲಿಗೂ ಡೆಕ್ಕಿಗೂ ಅಂಟಿಕೊಂಡು ಎರಡನ್ನೂ ಹಿಡಿದಿದ್ದರೆ, ಅದೇ ದೋಣಿಯ ಬೆನ್ನೆಲುಬು. ಕತ್ತರಿಸುವ ಮೊದಲೇ ದೋಣಿಯನ್ನು ನಾಲ್ಕೈದು ಕಡೆ ಆಧಾರ ಕೊಟ್ಟು ನೆಟ್ಟಗೆ ಕೂರಿಸಿ, ಇಲ್ಲದಿದ್ದರೆ ತಿರುಚಿಕೊಂಡ ಆಕಾರದಲ್ಲೇ ಮುಚ್ಚಿಬಿಡುತ್ತೀರಿ. ಅಂಥ ದೋಣಿಗೆ ಸಡಿಲ ಹಲಗೆ ಇಟ್ಟರೆ ಸಾಲದು. ಸುರಿಯುವ ಫೋಮ್ ಹಾಕಿ, ಇಲ್ಲವೇ ಒಳಗೆ ಅಡ್ಡಪಟ್ಟಿ ಕೂರಿಸಿ, ಇಲ್ಲವೇ ಹಲಗೆಯನ್ನು ಎಪಾಕ್ಸಿಯಿಂದ ಮೇಲೆ ಕೆಳಗೆ ಅಂಟಿಸಿ.

ಸುರಿಯುವ ಫೋಮ್ ಹಾಕುವಾಗ ಏನು ಎಚ್ಚರ?

ಎರಡು ದ್ರವಗಳಲ್ಲಿ ಒಂದು ಐಸೋಸಯನೇಟ್. ಅದರ ಆವಿಯಿಂದ ಉಬ್ಬಸ ಬರಬಹುದು, ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಸಾಲದು, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಗ್ಲೌಸ್, ಕನ್ನಡಕ, ಗಾಳಿ ಆಡುವ ಜಾಗ.

ಒಡಲು ಪೂರ್ತಿ ಒಣಗಿರಬೇಕು. ಒದ್ದೆಯಿದ್ದರೆ ದ್ರವ ನೀರಿನ ಜೊತೆ ಸೇರಿ ಸಡಿಲ, ದುರ್ಬಲ ಫೋಮ್ ಆಗುತ್ತದೆ. ಚಳಿಯಲ್ಲಿ ಸರಿಯಾಗಿ ಉಬ್ಬುವುದಿಲ್ಲ, 20 ಡಿಗ್ರಿಗಿಂತ ಮೇಲಿದ್ದರೆ ಒಳ್ಳೆಯದು. ಅಳತೆ ಡಬ್ಬದ ಮೇಲೆ ಹೇಳಿದಷ್ಟೇ, ಹೆಚ್ಚಿನವಕ್ಕೆ ಸಮಸಮ. ಬೆರೆಸಲು ಸಿಗುವುದು ಅರ್ಧ ನಿಮಿಷಕ್ಕಿಂತ ಕಡಿಮೆ, ಹಾಗಾಗಿ ಎಲ್ಲಿ ಸುರಿಯಬೇಕು ಅಂತ ಮೊದಲೇ ನಿಂತು ನೋಡಿಕೊಳ್ಳಿ. ಹಗುರ ಫೋಮ್ ಸುಮಾರು 25ರಿಂದ 30 ಪಟ್ಟು ಉಬ್ಬುತ್ತದೆ, ಅಂದರೆ ಒಂದು ಲೋಟ ಸುರಿದರೆ ಒಂದು ಸಣ್ಣ ಬಕೆಟ್.

ಒಂದೇ ಸಲಕ್ಕೆ ಜಾಸ್ತಿ ಸುರಿಯಬೇಡಿ. ಉಬ್ಬುವಾಗ ಅದು ಕಾಯುತ್ತದೆ, ದಪ್ಪ ರಾಶಿಯಾದರೆ ನಡುಭಾಗ ಸುಟ್ಟು ಕಪ್ಪಾಗುತ್ತದೆ, ಹೊತ್ತಿಕೊಳ್ಳಲೂ ಬಹುದು. ಜೊತೆಗೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಡೆಕ್ಕನ್ನೇ ಎತ್ತಿಬಿಡುವಷ್ಟು ಬಲ ಇದೆ. ಮೇಲೆ ಸಾಕಷ್ಟು ತೂತು ಬಿಡಿ, ಸ್ವಲ್ಪ ಸ್ವಲ್ಪ ಸುರಿಯಿರಿ, ಪ್ರತಿ ಸಲವೂ ಕೈಯಿಟ್ಟು ತಣ್ಣಗಾಗಿದೆ ಅಂತ ನೋಡಿ ಮುಂದಿನದು. ಸುರಿಯುವ ಮೊದಲು ತಳದ ನಡುಗೆರೆಯ ಉದ್ದಕ್ಕೂ ಒಂದು ಪೈಪು ಮಲಗಿಸಿ, ಅದರ ಮೈಗೆ ಅಲ್ಲಲ್ಲಿ ತೂತು ಕೊರೆದು, ಫೋಮ್ ನುಗ್ಗದ ಹಾಗೆ ಬಟ್ಟೆ ಸುತ್ತಿ. ನೀರು ಹಿಂದಿನ ಡ್ರೈನಿಗೆ ಹೋಗಲು ಅದೇ ದಾರಿ.

ಹಲಗೆಗಳನ್ನು ಹೇಗೆ ಕೂರಿಸಬೇಕು?

ತಳಕ್ಕೆ ತಾಗಿಸಬೇಡಿ. ಎರಡು ಬೆರಳು ಜಾಗ ಬಿಟ್ಟು, ಪಟ್ಟಿ ಅಥವಾ ಬೆಲ್ಟಿನಿಂದ ಡೆಕ್ಕಿನ ಕಡೆಗೆ ಬಿಗಿಯಿರಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಿ ಅನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ, ಹಾಳೆ ಒಂದು ಕಡೆ ಹರಿದರೂ ನೀರು ಒಳಗೇ ನಿಲ್ಲುತ್ತದೆ. ಸುತ್ತದೆ ಹಾಗೇ ಬಿಟ್ಟರೆ ಗಾಳಿಯಾಡಿ ತಾನೇ ಒಣಗುತ್ತದೆ.

ಡೆಕ್ ವಾಪಸ್ ಮುಚ್ಚುವುದು?

ಕತ್ತರಿಸಿದ ಎರಡೂ ಅಂಚನ್ನು ಇಳಿಜಾರಾಗಿ ಉಜ್ಜಿ, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಎರಡೂ ಕಡೆ ಐದು ಸೆಂಟಿಮೀಟರ್ ಹತ್ತಿರ. ಅಡಿಯಲ್ಲಿ ಆಧಾರಪಟ್ಟಿ ಅಂಟಿಸಿ, ಮೇಲೆ ಗ್ಲಾಸ್ ಬಟ್ಟೆಯ ಪದರಗಳನ್ನು ಎಪಾಕ್ಸಿಯಲ್ಲಿ ಹಾಕಿ. ಮುಚ್ಚುವ ಮೊದಲು ಇನ್‌ಸ್ಪೆಕ್ಷನ್ ಮುಚ್ಚಳಗಳಿಗೆ ಜಾಗ ಮಾಡಿ, ಮುಂದೊಂದು ಹಿಂದೊಂದು, ಕೈ ಹೋಗುವಷ್ಟು ದೊಡ್ಡದು. ಇದನ್ನು ಬಿಟ್ಟವರು ಹತ್ತು ವರ್ಷಕ್ಕೆ ಮತ್ತೆ ಡೆಕ್ ಕೊಯ್ಯುತ್ತಾರೆ.

ಸೋರಿಕೆ ನೋಡಲು ಮುಚ್ಚಿದ ಭಾಗಕ್ಕೆ ಪೈಪ್ ಇಟ್ಟು ಬಾಯಿಂದ ಊದಿ, ಕೂಡಿಸಿದ ಕಡೆಗೆಲ್ಲ ಸೋಪುನೀರು ಹಚ್ಚಿ. ಗುಳ್ಳೆ ಬಂದಲ್ಲಿ ಸೋರುತ್ತಿದೆ. ಕಂಪ್ರೆಸರ್ ಹಚ್ಚಬೇಡಿ, ಡೆಕ್ ಕಿತ್ತು ಬರುತ್ತದೆ.

ಕಾಕ್‌ಪಿಟ್ಟಿನಲ್ಲಿ (ಓಡಿಸುವವರು ಕೂರುವ ತಗ್ಗು ಜಾಗದಲ್ಲಿ) ಒಂದು ಸಣ್ಣ ತೂತು ಇದೆ, ಮುಚ್ಚಬೇಕಾ?

ಮುಚ್ಚಬೇಡಿ! ಸನ್‌ಫಿಶ್, ಲೇಸರ್ ಥರದ ಮುಚ್ಚಿದ ಒಡಲಿಗೆ ಉಸಿರಾಡಲು ಬಿಟ್ಟ ತೂತು ಅದು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿದಾಗ ಹೋಗಲು ದಾರಿ ಬೇಕು, ಇಲ್ಲದಿದ್ದರೆ ಡೆಕ್ಕಿನ ಕೂಡಿಕೆ ಬಿಡುತ್ತದೆ. ಬಿಸಿಯಾದ ದೋಣಿ ತಣ್ಣೀರಿಗಿಳಿದಾಗ ಬಿಟ್ಟ ಕೂಡಿಕೆಯಿಂದಲೇ ನೀರು ಎಳೆದುಕೊಳ್ಳುತ್ತದೆ.

ಸೀಸದ ಕೀಲ್ (ದೋಣಿಯ ತಳಕ್ಕೆ ಕೂರಿಸಿದ ಭಾರದ ರೆಕ್ಕೆ) ಇದ್ದರೆ?

ಲೆಕ್ಕ ಬೇರೆಯಾಗುತ್ತದೆ. 200 ಕಿಲೋ ಸೀಸಕ್ಕೇ 182 ಕಿಲೋ ಎತ್ತುವ ಶಕ್ತಿ ಬೇಕು, ಅಂದರೆ ಹತ್ತಿರ ಹತ್ತಿರ 190 ಲೀಟರ್ ಬರೀ ಕೀಲಿಗೆ. ಮಲಗುವ, ಸಾಮಾನಿಡುವ ಜಾಗ ಬಿಟ್ಟುಕೊಡಲು ತಯಾರಿದ್ದರೆ ಮಾಡಬಹುದು.

ಸ್ಪರ್ಧೆಗೆ ಹೋಗುವ ದೋಣಿಯಾದರೆ?

ಮೊದಲು ನಿಮ್ಮ ಕ್ಲಾಸಿನ (ನಿಮ್ಮ ದೋಣಿ ಮಾದರಿಯ ಸ್ಪರ್ಧಾ ವರ್ಗದ) ನಿಯಮ ಓದಿ. ಫೋಮ್ ಬದಲಿಸಿದರೆ ಮತ್ತೆ ಅಳತೆ, ತೂಕ ಮಾಡಿಸಬೇಕಾಗಬಹುದು. ಹೊಸದಾಗಿ ತಯಾರಾಗುವ ಆರು ಮೀಟರಿಗಿಂತ ಚಿಕ್ಕ ದೋಣಿಗಳ ಸ್ಥಿರತೆ ಮತ್ತು ತೇಲುವಿಕೆಗೆ ಐಎಸ್‌ಒ 12217-3 ಅನ್ನುವ ಮಾನದಂಡ ಇದೆ.

ಕೆಲಸ ಸರಿಯಾಗಿದೆ ಅಂತ ನೋಡುವುದು ಹೇಗೆ?

ಬೇಕಂತಲೇ ಮುಳುಗಿಸಿ. ಗಾಳಿ, ಅಲೆ ಇಲ್ಲದ ದಿನ, ಸೊಂಟಮಟ್ಟದ ನೀರು, ಜೊತೆಗೆ ಇನ್ನೊಬ್ಬರು, ಇಬ್ಬರಿಗೂ ಲೈಫ್ ಜಾಕೆಟ್. ಮಾಸ್ಟ್, ಲಂಗರು, ದಿನಾ ಒಯ್ಯುವ ಸಾಮಾನೆಲ್ಲ ಒಳಗಿರಲಿ. ಬಕೆಟ್ಟಿನಲ್ಲಿ ನೀರು ಸುರಿದು ಅಂಚಿನವರೆಗೂ ತುಂಬಿಸಿ.

ಈಗ ನೋಡಿ. ನೆಟ್ಟಗಿದೆಯಾ? ಅಂಚಿನ ಎಷ್ಟು ಭಾಗ ನೀರಿನ ಮೇಲಿದೆ? ಒಬ್ಬರು ಪಕ್ಕಕ್ಕೆ ಜೋತುಬಿದ್ದರೆ ಹೊರಳುತ್ತದಾ? ಒಳಗೆ ಹತ್ತಿ ಕೂತರೆ? ಹತ್ತು ನಿಮಿಷ ಹಾಗೇ ಬಿಟ್ಟು, ಮುಚ್ಚಿದ ಭಾಗಗಳಿಗೆ ನೀರು ನುಗ್ಗಿ ದೋಣಿ ಇನ್ನೂ ಕೆಳಗೆ ಹೋಗುತ್ತಿದೆಯಾ ಅಂತ ಗಮನಿಸಿ.

ಕೊನೆಗೆ ಸೆಂಟರ್‌ಬೋರ್ಡ್ ಇಳಿಯುವ ಗೂಡಿನ ಮೇಲ್ತುದಿ ನೋಡಿ. ದೋಣಿ ತುಂಬಿರುವಾಗ ಆ ತೆರೆದ ಬಾಯಿ ಹೊರಗಿನ ನೀರಿಗಿಂತ ಕೆಳಗಿದ್ದರೆ, ನೀವು ಬಕೆಟ್ಟಿನಲ್ಲಿ ಎಷ್ಟು ಎತ್ತಿ ಹಾಕಿದರೂ ಕೆಳಗಿನಿಂದ ಅಷ್ಟೇ ಬರುತ್ತಿರುತ್ತದೆ. ನನ್ನ ದೋಣಿಯಲ್ಲಿ ಹಲಗೆಗಳನ್ನು ಪಕ್ಕಕ್ಕೆ ಎತ್ತರಿಸಿದ ಮೇಲೆ ಆ ಬಾಯಿ ನೀರಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು, ಇಬ್ಬರು ಸೇರಿ ಹನ್ನೊಂದು ನಿಮಿಷದಲ್ಲಿ ಪೂರ್ತಿ ಖಾಲಿ ಮಾಡಿದೆವು. ನಿಮ್ಮದರಲ್ಲಿ ಕೆಳಗಿದ್ದರೆ ಇನ್ನೊಂದು ಜೊತೆ ಹಲಗೆ ಸೇರಿಸಿ, ಗೂಡಿನ ಬಾಯಿಗೆ ರಬ್ಬರ್ ಪಟ್ಟಿ ಹಾಕಿ, ಮತ್ತೊಮ್ಮೆ ತುಂಬಿಸಿ ನೋಡಿ.